ಹುಲಿಕಲ್ ದುರ್ಗ ಕಾಡಿನಲ್ಲಿ ಕಳೆದುಹೋಗಿಲ್ಲ

ಮೇಟ್ಟುಪಾಳಯದಿಂದ ಕೂನೂರಿಗೆ ಘಟ್ಟವೇರುವ ಕಣಿವೆಯ ಒಂದು ದಂಡೆಯಲ್ಲಿ ಲ್ಯಾಂಬ್ಸ್ ರಾಕ್ ಎಂಬ ಬಂಡೆ ಇದೆ. ಅದಕ್ಕೆ ಎದುರಾಗಿ ಇನ್ನೊಂದು ದಂಡೆಯಲ್ಲಿ ಚಹಾ ತೋಟಗಳು ಮುಗಿದು ಕಾಡು ಮೊದಲಾಗುವ ಎಡೆಯಲ್ಲಿ ಒಂದು ಶಿಖರವು ನೆಟ್ಟಗೆ ನಿಂತಿದೆ. ಅದರ ನೆತ್ತಿಯ ಮೇಲೆ ಕೋಟೆಯೊಂದರ ಗೋಡೆಯ ತುಂಡು ಉಳಿದಿದೆ. ಇದೇ ಹುಲಿಕಲ್ ದುರ್ಗ. ಕಾಡಿನಲ್ಲಿ ಕಳೆದುಹೋದ ಕೋಟೆ ಎಂದು ಇದನ್ನು ಕುರಿತು ಮರುಗುವುದು ಇತ್ತೀಚೆಗೆ ರೂಢಿಯಾಗಿದೆ. ಈ ಮರುಕದಲ್ಲಿ ನಮಗೆ ನಂಬಿಕೆಯಿಲ್ಲ. ಕಾಡು ಆ ಕೋಟೆಯನ್ನು ನುಂಗಿಲ್ಲ. ಕಾಡು ಸುತ್ತಲೂ ನಿಂತಿರುವುದರಿಂದಲೇ ಆ ಗೋಡೆಯ ಕಲ್ಲುಗಳು ಬಂಗಲೆಗಳ ಪಾಯಕ್ಕೆ ಹೋಗದೆ ಉಳಿದುಕೊಂಡಿವೆ. ಕಳೆದುಹೋಗಿರುವುದು ಅದರ ಚರಿತ್ರೆ. ಅದನ್ನು ಕಳೆದವರು ಮರಗಳಲ್ಲ, ಮನುಷ್ಯರು. ಅವರಲ್ಲಿ ಮೂರು ಬಗೆಯವರಿದ್ದಾರೆ. ಮೂರನೆಯ ಬಗೆಯವರು ನಮ್ಮ ವೇದಿಕೆಗಳ ಮೇಲೆಯೇ ಸಿಗುತ್ತಾರೆ ಎಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಮೊದಲನೆಯವರು ಆ ಕೋಟೆಯನ್ನು ರಾಕ್ಷಸನಿಗೆ ಒಪ್ಪಿಸಿದವರು. ಶಿಖರಕ್ಕೆ ಬಕಾಸುರನ ಬೆಟ್ಟವೆಂದೂ ಗೋಡೆಗೆ ಬಕಾಸುರನ ಕೋಟೆಯೆಂದೂ ಹೆಸರು ಹಬ್ಬಿದೆ. ಪ್ರವಾಸಿಗರನ್ನು ಕರೆದೊಯ್ಯುವವರು ಇಂದಿಗೂ ಮೊದಲು ಹೇಳುವುದು ಈ ಕಥೆಯನ್ನೇ. ಜನಪದರ ಕಲ್ಪನೆಯ ಮೇಲೆ ನಮಗೆ ಕೋಪವಿಲ್ಲ. ಆದರೆ ಚಿಕ್ಕಬಳ್ಳಾಪುರ ಜಿಲ್ಲೆಯ ಕೈವಾರದವರೂ ತಮ್ಮ ಊರೇ ಏಕಚಕ್ರಪುರ, ತಮ್ಮ ಬೆಟ್ಟದಲ್ಲೇ ಭೀಮನು ಬಕನನ್ನು ಕೊಂದದ್ದು ಎನ್ನುತ್ತಾರೆ. ಭಾರತದ ಉದ್ದಗಲಕ್ಕೂ ಇಂಥ ಏಕಚಕ್ರಪುರಗಳು ಹಲವಿವೆ. ಒಬ್ಬ ರಾಕ್ಷಸನು ಇಷ್ಟು ಕಡೆ ಸಾಯಲಾರನು. ದೊಡ್ಡ ಕಲ್ಲನ್ನು ಕಂಡ ಕೂಡಲೇ ಇದನ್ನು ಎತ್ತಿದವನು ಮನುಷ್ಯನಲ್ಲ ಎಂದುಬಿಡುವುದು, ಎತ್ತಿದ ಮನುಷ್ಯನಿಗೆ ಮಾಡುವ ಅನ್ಯಾಯ. ಆ ಕಲ್ಲುಗಳನ್ನು ಹೊತ್ತವರು ಬಂಡಿ ನಡೆಯದ ಏರಿನಲ್ಲಿ, ಜಿಗಣೆ ಕಚ್ಚುವ ಮಳೆಯಲ್ಲಿ ಹೊತ್ತರು. ಅವರ ಬೆನ್ನಿನ ದುಡಿಮೆಯನ್ನು ಬಕಾಸುರನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಹೆಸರಿಗೆ ರಾಕ್ಷಸನು ಬೇಕಾಗಿಯೂ ಇಲ್ಲ. ಕೆಳಗಿನ ಊರು ಹುಲಿಕಲ್. ಹುಲಿಯ ಕಲ್ಲು ಎಂಬ ಅರ್ಥ ಕನ್ನಡ ಬಲ್ಲ ಮಗುವಿಗೂ ತಿಳಿಯುತ್ತದೆ. 1908ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬರೆದ ನೀಲಗಿರಿ ಜಿಲ್ಲಾ ಗೆಜೆಟಿಯರ್ ಈ ಹೆಸರಿನ ಹಿಂದಿನ ಐತಿಹ್ಯವನ್ನು ಕೊಡುತ್ತದೆ: ಸೀಮೆಗೆಲ್ಲ ಭಯ ಹುಟ್ಟಿಸಿದ್ದ ನರಭಕ್ಷಕ ಹುಲಿಯೊಂದನ್ನು ಬಡಗನೊಬ್ಬನು ಕೊಂದನು, ಅದನ್ನು ಹೂತ ಜಾಗವನ್ನು ಕಲ್ಲುಗಳಿಂದ ಗುರುತು ಮಾಡಿದ್ದರು. ಹುಲಿಯನ್ನು ಎದುರಿಸಿದ ಒಬ್ಬ ಬೇಸಾಯಗಾರನ ನೆನಪು ಊರಿನ ಹೆಸರಿನಲ್ಲೇ ಇದೆ. ಆ ನೆನಪನ್ನು ಬದಿಗೆ ಸರಿಸಿ, ಬಂಡಿ ಅನ್ನ ತಿನ್ನುವ ಅಸುರನನ್ನು ತಂದು ಕೂರಿಸುವುದು ಯಾವ ರಸಿಕತೆ?

ಎರಡನೆಯವರು ಆ ಕೋಟೆಯನ್ನು ನೋಟಕ್ಕೆ ಒಪ್ಪಿಸಿದವರು. ಆಂಗ್ಲರ ಬಾಯಲ್ಲಿ ದುರ್ಗವು ‘ಡ್ರೂಗ್’ ಆಯಿತು. ಇಂದು ನಕ್ಷೆಯಲ್ಲಿ, ಹೋಟೆಲಿನ ಕೈಪತ್ರದಲ್ಲಿ, ನಮ್ಮ ಮನೆಯ ಹುಡುಗರ ಬಾಯಲ್ಲಿ ಅದು ‘ದಿ ಡ್ರೂಗ್’. ಹುಲಿಕಲ್ಲೂ ಬಿಟ್ಟುಹೋಯಿತು, ದುರ್ಗವೂ ಬಿಟ್ಟುಹೋಯಿತು. ಉಳಿದದ್ದು ಅರ್ಥವಿಲ್ಲದ ಒಂದು ಸದ್ದು. ಅದರ ನೆರೆಯ ನೋಟದ ತಾಣಗಳ ಹೆಸರುಗಳನ್ನು ನೋಡಿ. ಕ್ಯಾಪ್ಟನ್ ಲ್ಯಾಂಬ್ ಎಂಬಾತನು ದಾರಿ ಮಾಡಿಸಿದ್ದಕ್ಕಾಗಿ ಲ್ಯಾಂಬ್ಸ್ ರಾಕ್. ವೈಸರಾಯನ ಪತ್ನಿ ಲೇಡಿ ಕ್ಯಾನಿಂಗ್ ಅಲ್ಲಿನ ನೋಟವನ್ನು ಮೆಚ್ಚಿದ್ದಕ್ಕಾಗಿ ಲೇಡಿ ಕ್ಯಾನಿಂಗ್ಸ್ ಸೀಟ್. ದಾರಿ ಮಾಡಿಸಿದವನ ಹೆಸರು ಉಳಿಯಿತು, ಕುಳಿತು ನೋಡಿದವರ ಹೆಸರೂ ಉಳಿಯಿತು. ಕೋಟೆ ಕಟ್ಟಿ ಕಾವಲಿದ್ದವರ ಮಾತು ಮಾತ್ರ ಮುರಿದು ಅಪಭ್ರಂಶವಾಯಿತು.

ಈ ಬಗೆಯವರ ಪಾಲಿಗೆ ನೀಲಗಿರಿಯ ಚರಿತ್ರೆಯು 1819ರಲ್ಲಿ ಜಾನ್ ಸಲ್ಲಿವನ್ ಬೆಟ್ಟವೇರಿದ ದಿನ ಆರಂಭವಾಗುತ್ತದೆ. ಸ್ವಲ್ಪ ಉದಾರಿಗಳಾದರೆ 1812ರ ಕೀಸ್ ಮತ್ತು ಮ್ಯಾಕ್‌ಮಹೋನ್ ಅವರ ಮೋಜಣಿಯವರೆಗೆ ಹಿಂದಕ್ಕೆ ಹೋಗುತ್ತಾರೆ. ಬೆಟ್ಟವನ್ನು ‘ಕಂಡುಹಿಡಿದರು’ ಎಂಬ ಮಾತನ್ನು ಮಕ್ಕಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. ಯಾರಿಗೆ ಕಾಣದೆ ಇದ್ದದ್ದನ್ನು ಕಂಡುಹಿಡಿದರು? 1603ರಲ್ಲಿಯೇ ಫೆನಿಚಿಯೊ ಎಂಬ ಇಟಲಿಯ ಪಾದ್ರಿಯು ಮಲಬಾರಿನ ಕಡೆಯಿಂದ ಕಷ್ಟಪಟ್ಟು ಮೇಲೇರಿ ಬಂದಾಗ ಇಲ್ಲಿ ಎಮ್ಮೆ ಸಾಕುವ ತೋಡರನ್ನೂ ಊರು ಕಟ್ಟಿಕೊಂಡಿದ್ದ ಬಡಗರನ್ನೂ ಕಂಡನು. ಸಲ್ಲಿವನ್ನನಿಗಿಂತ ಎರಡು ಶತಮಾನ ಮೊದಲೇ ಇಲ್ಲಿ ಹಟ್ಟಿಗಳಿದ್ದವು, ಹೊಲಗಳಿದ್ದವು, ಆಡುಮಾತಿತ್ತು.

ಕೋಟೆಯ ವಿಷಯದಲ್ಲಿ ಈ ಬಗೆಯವರು ಒಂದೇ ಒಂದು ವಾಕ್ಯವನ್ನು ಬಲ್ಲರು: ಹದಿನೆಂಟನೆಯ ಶತಮಾನದಲ್ಲಿ ಟಿಪ್ಪು ಸುಲ್ತಾನನು ಇದನ್ನು ಕಾವಲು ಠಾಣ್ಯವಾಗಿ ಬಳಸಿದನು. ಇದು ನಿಜವೇ. ಇಲ್ಲಿಂದ ಕೊಯಮತ್ತೂರಿನ ಬಯಲು ಕಣ್ಣೆದುರು ಹರಡಿಕೊಳ್ಳುತ್ತದೆ. ಕೆಳಗಿನಿಂದ ಬರುವ ದಂಡನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಸ್ಥಳ ಬೇರೆ ಇಲ್ಲ. ಆದರೆ ಕೊನೆಗೆ ಬಾಗಿಲು ಹಾಕಿದವನೇ ಮನೆ ಕಟ್ಟಿದವನು ಎಂದು ತೀರ್ಮಾನಿಸುವುದು ಎಂಥ ತರ್ಕ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಈ ಬೆಟ್ಟಗಳು ಕಂಪನಿಯ ಕೈಸೇರಿದವು. ಆ ಮುಕ್ತಾಯವನ್ನೇ ಆರಂಭವೆಂದು ಓದುವುದರಿಂದ ಏಳುನೂರು ವರ್ಷಗಳು ಒಂದೇ ಸಾಲಿನಲ್ಲಿ ಅಳಿಸಿಹೋಗುತ್ತವೆ.

ಆ ಏಳುನೂರು ವರ್ಷಗಳಿಗೆ ಸಾಕ್ಷಿ ಎಲ್ಲಿದೆ ಎಂದು ಕೇಳುವವರಿಗೆ ನಾವು ಚಾಮರಾಜನಗರದ ದಾರಿಯನ್ನು ತೋರಿಸುತ್ತೇವೆ. ಅಲ್ಲಿನ ಪಾರ್ಶ್ವನಾಥ ಬಸದಿಯಲ್ಲಿ 1117ರ ಕನ್ನಡ ಶಾಸನವಿದೆ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 4ನೆಯ ಸಂಪುಟದಲ್ಲಿ ಅದನ್ನು ಅಚ್ಚು ಹಾಕಿಸಿದರು. ಹೊಯ್ಸಳ ವಿಷ್ಣುವರ್ಧನನು ಚೋಳರಿಂದ ತಲಕಾಡನ್ನು ಗೆದ್ದುಕೊಂಡ ಕಾಲ ಅದು. ಗಂಗವಾಡಿ ಕೈಗೆ ಬಂದ ಮೇಲೆ ಅದರ ತೆಂಕಣ ಬಾಗಿಲುಗಳಾದ ಕೊಂಗುನಾಡಿನ ಮತ್ತು ಮಲೆಯಾಳದ ಕಣಿವೆಗಳನ್ನು ಕಾಯಬೇಕಾಯಿತು. ಆ ಕೆಲಸಕ್ಕೆ ಹೊರಟವನು ದಂಡನಾಯಕ ಪುಣಿಸ. ಅವನು ತೋಡರನ್ನು ಬೆದರಿಸಿದನು, ಕೊಂಗರನ್ನು ಅಡಗಿಸಿದನು, ಮಲೆಯಾಳರನ್ನು ಕೊಂದನು, ನೀಲಪರ್ವತವನ್ನು ಹೊಕ್ಕು ಅದರ ಶಿಖರವನ್ನು ಲಕ್ಷ್ಮಿಗೆ ಅರ್ಪಿಸಿದನು ಎಂದು ಶಾಸನವು ಹೊಗಳುತ್ತದೆ. ನೀಲಗಿರಿಯ ಚರಿತ್ರೆಯನ್ನು ಬರೆಯುವವರು ಮೊದಲು ಎತ್ತಿಕೊಳ್ಳಬೇಕಾದ ಬರಹವೇ ಇದು. ತೋಡರ ಹೆಸರು ಕಲ್ಲಿನ ಮೇಲೆ ಕಾಣಿಸಿಕೊಂಡದ್ದೂ ಇಲ್ಲಿಯೇ.

ಪುಣಿಸನ ಅನಂತರವೂ ದಾರಿ ಮುಚ್ಚಲಿಲ್ಲ. ತೆರಕಣಾಂಬಿಯ ಸೀಮೆಯನ್ನು ಆಳಿದ ಪೆರುಮಾಳೆ ದಂಡನಾಯಕನ ಮನೆತನದವರು ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ, ವೀರಬಲ್ಲಾಳನ ಕಾಲದಲ್ಲಿ, ನೀಲಗಿರಿಯನ್ನು ಸಾಧಿಸಿದವರೆಂಬ ಬಿರುದನ್ನು ಧರಿಸಿದ್ದರು. ಆ ಕುಲದ ಮಾಧವ ದಂಡನಾಯಕನೇ ಗೋಪಾಲಸ್ವಾಮಿ ಬೆಟ್ಟದ ದೇಗುಲವನ್ನು ಕಟ್ಟಿಸಿದವನು. ಬೆಟ್ಟದ ಬುಡದಲ್ಲಿ, ಭವಾನಿಗೆ ಮೋಯಾರು ಸೇರುವ ಎಡೆಯಲ್ಲಿ, ದಣ್ಣಾಯಕನ ಕೋಟೆ ಎದ್ದಿತು. ಮೇಲಿನ ದುರ್ಗಗಳು ಕಾವಲಿನ ಕಣ್ಣುಗಳಾದರೆ ಕೆಳಗಿನ ಈ ಕೋಟೆಯು ಅವುಗಳ ಬೆನ್ನಾಗಿತ್ತು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಸೀಮೆಯನ್ನು ನೋಡಲು ಬಂದಾಗಲೂ ದಣ್ಣಾಯಕನ ಕೋಟೆಯಿಂದಲೇ ಬೆಟ್ಟದ ಕಡೆಗೆ ಹತ್ತಿದನು. ಇಂದು ಅದು ಭವಾನಿಸಾಗರದ ನೀರಿನ ಅಡಿಯಲ್ಲಿದೆ. 1948ರಲ್ಲಿ ಮೊದಲಾದ ಅಣೆಕಟ್ಟಿನ ಕೆಲಸವು 1955ರಲ್ಲಿ ಮುಗಿಯಿತು. ಕಟ್ಟಿದಾಗ ಜಲದುರ್ಗವಲ್ಲದಿದ್ದುದು ಹೀಗೆ ನೀರಿನೊಳಗಿನ ಕೋಟೆಯಾಯಿತು. ಬರಗಾಲ ಬಂದು ನೀರು ಇಳಿದಾಗ ಮಾತ್ರ ಮಾಧವರಾಯ ಪೆರುಮಾಳರ ಗುಡಿಯು ಮತ್ತೆ ತಲೆಯೆತ್ತುತ್ತದೆ.

ಹೊಯ್ಸಳರ ಬಳಿಕ ವಿಜಯನಗರ. ಅದರ ನೆರಳಿನಲ್ಲಿ ಉಮ್ಮತ್ತೂರಿನ ಪಾಳೆಯಗಾರರು ನೀಲಗಿರಿಯ ಒಡೆತನವನ್ನು ಹೇಳಿಕೊಂಡರು. 1512ರ ಸುಮಾರಿಗೆ ಕೃಷ್ಣದೇವರಾಯನು ಅವರನ್ನು ಮಣಿಸಿದನು. ಮುಂದಿನ ಶತಮಾನದ ಆರಂಭದಲ್ಲಿ ರಾಜ ಒಡೆಯರು ಉಮ್ಮತ್ತೂರನ್ನು ಮೈಸೂರಿಗೆ ಸೇರಿಸಿಕೊಂಡರು. ಕೋಟಗಿರಿಯ ಕಡೆ ಉಡೆಯರಾಯನ ಕೋಟೆ ಎಂಬುದೊಂದಿದೆ. ಉಮ್ಮತ್ತೂರಿನವರ ಪರವಾಗಿ ಕಂದಾಯ ಎತ್ತುತ್ತಿದ್ದ ನಾಯಕನದು ಅದು ಎಂದು ಬಡಗರ ಐತಿಹ್ಯವು ಹೇಳುತ್ತದೆ. ಸೀಗೂರು ಘಟ್ಟದಲ್ಲಿ ಕಲ್ಲಹಟ್ಟಿಯ ಬಳಿ ಮಲೆಕೋಟೆ ಇದೆ. ಅದು ಮಸಿನಗುಡಿಯ ಕಾಡಿನ ಮೇಲಿನಿಂದ ಮೈಸೂರು ಸೀಮೆಯನ್ನು ನೋಡುತ್ತದೆ. ಹುಲಿಕಲ್ ದುರ್ಗವು ಕೊಂಗುನಾಡಿನ ಬಯಲನ್ನು ನೋಡುತ್ತದೆ. ಈ ಎರಡನ್ನೂ ನಕ್ಷೆಯಲ್ಲಿ ಗುರುತಿಸಿದರೆ ಸಾಕು, ಅವು ರಾಕ್ಷಸನ ಮನೆಗಳಲ್ಲ, ವಿಹಾರದ ಬಂಗಲೆಗಳೂ ಅಲ್ಲ, ಘಟ್ಟದ ದಾರಿಗಳಿಗೆ ಹಾಕಿದ ಬೀಗಗಳು ಎಂಬುದು ಬೆಳಗಿನಷ್ಟು ಸ್ಪಷ್ಟವಾಗುತ್ತದೆ. ಕೌಟಿಲ್ಯನು ಹೇಳಿದ ನಾಲ್ಕು ಬಗೆಯ ದುರ್ಗಗಳಲ್ಲಿ ಪರ್ವತದುರ್ಗವೂ ವನದುರ್ಗವೂ ಇಲ್ಲಿ ಒಂದಾಗಿವೆ.

ಇಷ್ಟನ್ನು ಓದಿ ಹಿಗ್ಗಿದ ಬಂಧುಗಳು ಸ್ವಲ್ಪ ತಾಳಬೇಕು. ಏಕೆಂದರೆ ಕೋಟೆಯನ್ನು ಕಳೆದ ಮೂರನೆಯ ಬಗೆಯವರು ಇಲ್ಲಿ ಬರುತ್ತಾರೆ. ಇವರು ಅದನ್ನು ಬಡಾಯಿಗೆ ಒಪ್ಪಿಸಿದವರು. ರಾಜ್ಯೋತ್ಸವದ ವೇದಿಕೆಯ ಮೇಲೆ ಇವರ ಕಂಠ ಏರುತ್ತದೆ: ನೀಲಗಿರಿಯು ನಮ್ಮದು, ಕೋಟೆಗಳು ನಮ್ಮವು, ಇಲ್ಲಿನ ಕಲ್ಲುಕಲ್ಲೂ ಕನ್ನಡ. ಇವರಲ್ಲಿ ಕೆಲವರು ಕೋಟಗಿರಿ ಎಂದರೆ ಕೋಟೆಯಿರುವ ಗಿರಿ ಎಂದು ಅರ್ಥ ಬಿಡಿಸಿ ಚಪ್ಪಾಳೆ ಗಿಟ್ಟಿಸುವುದೂ ಉಂಟು. ಆ ಹೆಸರಿನಲ್ಲಿ ಕೋಟೆಯೂ ಇಲ್ಲ, ಗಿರಿಯೂ ಇಲ್ಲ. ಅದು ಕೋಟರ ಕೇರಿ. ಕಬ್ಬಿಣ ಬಡಿದು, ಮಡಕೆ ಮಾಡಿ, ಮರ ಕೆತ್ತಿ, ವಾದ್ಯ ನುಡಿಸಿ ಬೆಟ್ಟದವರೆಲ್ಲರ ಬದುಕಿಗೆ ಆಧಾರವಾಗಿದ್ದ ಕೋಟ ಜನರ ಬೀದಿ. ಇಲ್ಲದ ಕೋಟೆಯನ್ನು ಕಟ್ಟುವ ಆತುರದಲ್ಲಿ ಇದ್ದ ಜನರನ್ನೇ ಅವರ ಊರಿನ ಹೆಸರಿನಿಂದ ಹೊರಹಾಕಿದರೆ, ದುರ್ಗವನ್ನು ಡ್ರೂಗ್ ಮಾಡಿದವರಿಗೂ ನಮಗೂ ಏನು ಭೇದ?

ಪುಣಿಸನ ಶಾಸನವನ್ನು ಇವರು ಎತ್ತಿ ಆಡುತ್ತಾರೆ, ಓದುವುದಿಲ್ಲ. ಓದಿದರೆ, ಆ ಹೊಗಳಿಕೆಯು ಗೆದ್ದವನ ಕಡೆಯದು ಎಂಬುದು ತಿಳಿದೀತು. ಬೆದರಿಸಲ್ಪಟ್ಟ ತೋಡನ ಕಡೆಯಿಂದ ಕೆತ್ತಿದ ಕಲ್ಲು ಯಾವುದೂ ಇಲ್ಲ. ತೋಡರು, ಕೋಟರು, ಕುರುಂಬರು, ಇರುಳರು ನಮ್ಮ ದಂಡನಾಯಕನು ಬರುವ ಮೊದಲೇ ಇಲ್ಲಿದ್ದರು. ಅವರನ್ನು ಬೆದರಿಸಬೇಕಾಗಿ ಬಂತು ಎಂಬ ಮಾತೇ ಅದಕ್ಕೆ ಪುರಾವೆ. ನಮ್ಮ ಹೆಮ್ಮೆಯ ಶಾಸನವೇ ನಮ್ಮ ಬಡಾಯಿಯ ವಿರುದ್ಧ ಸಾಕ್ಷಿ ನುಡಿಯುತ್ತಿದೆ. ಅದೇ ಶಾಸನದಲ್ಲಿ ಇನ್ನೊಂದು ಭಾಗವಿದೆ. ಬಂಡವಾಳ ಕಳೆದುಕೊಂಡ ವ್ಯಾಪಾರಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೆ, ಅಧಿಕಾರ ಕಳೆದುಕೊಂಡ ಕಿರಾತ ನಾಯಕನಿಗೆ ಪುಣಿಸನು ಕಳೆದುದನ್ನು ಕೊಟ್ಟು ಪೊರೆದನು ಎಂಬ ಮಾತು ಅದು. ಕತ್ತಿಯ ಸಾಲು ನಮ್ಮ ಭಾಷಣಕಾರರಿಗೆ ಬೇಕಾಗುತ್ತದೆ. ಬೀಜದ ಸಾಲು ಯಾರ ಬಾಯಲ್ಲಿಯೂ ಬರುವುದಿಲ್ಲ.

ಬಡಗರ ವಿಷಯದಲ್ಲಿಯೂ ಇದೇ ಮಾತು. ಬಡಗಣ ದಿಕ್ಕಿನಿಂದ ಬಂದವರು ಎಂಬ ನೆನಪನ್ನು ಅವರು ತಮ್ಮ ಹೆಸರಿನಲ್ಲೇ ಇಟ್ಟುಕೊಂಡಿದ್ದಾರೆ. ಅವರ ಮಾತು ನಮ್ಮ ಕಿವಿಗೆ ಅಕ್ಕನ ದನಿಯಂತೆ ಕೇಳುತ್ತದೆ. ಅಷ್ಟಕ್ಕೇ ಅದು ಕನ್ನಡದ ಒಂದು ಹಳ್ಳಿಯ ಆಡು ಎಂದು ತಳ್ಳಿಹಾಕಲು ನಮಗೆ ಅಧಿಕಾರ ಕೊಟ್ಟವರು ಯಾರು? ಬಡಗು ತನ್ನದೇ ಹಾಡು, ತನ್ನದೇ ಗಾದೆ, ತನ್ನದೇ ಸತ್ತವರ ಸ್ತುತಿಗಳನ್ನು ಹೊತ್ತ ನುಡಿ. ಗಡಿಯಾಚೆಗಿನ ನಮ್ಮ ಕನ್ನಡವನ್ನು ದೊಡ್ಡ ಭಾಷೆಯೊಂದು ನುಂಗುತ್ತಿದೆ ಎಂದು ದೂರುವ ನಾವು, ನಮ್ಮ ನೆರೆಯ ಚಿಕ್ಕ ನುಡಿಯನ್ನು ನುಂಗಲು ಬಾಯಿ ತೆರೆಯಬಾರದು.

ಹಾಗಾದರೆ ಹೆಮ್ಮೆಪಡುವುದೇ ಬೇಡವೇ ಎಂದು ಕೇಳುವಿರಿ. ಖಂಡಿತ ಬೇಕು. ಆದರೆ ಹೆಮ್ಮೆ ಒಡೆತನದ್ದಾಗಬಾರದು, ಓದಿನದ್ದಾಗಬೇಕು. ಈ ಬೆಟ್ಟವನ್ನು ಕುರಿತ ಹಳೆಯ ಬರಹವು ಕನ್ನಡ ಲಿಪಿಯಲ್ಲಿದೆ ಎಂಬುದು ನಮಗೆ ಹಕ್ಕನ್ನು ಕೊಡುವುದಿಲ್ಲ. ಒಂದು ಹೊಣೆಯನ್ನು ಹೊರಿಸುತ್ತದೆ. ಅದನ್ನು ಓದಿ, ತಮಿಳಿನವರಿಗೂ ತೋಡರಿಗೂ ಬಡಗರಿಗೂ ಅರ್ಥ ಹೇಳುವ ಹೊಣೆ. ಆ ಹೊಣೆಯನ್ನು ಹೊರಬಲ್ಲವರು ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಇದ್ದಾರೆ? ಅಜ್ಜನಿಗೆ ಕನ್ನಡ ಓದಲು ಬರುತ್ತದೆ, ಅಪ್ಪನಿಗೆ ಅಂಗಡಿಯ ಹಲಗೆಯನ್ನು ಓದುವಷ್ಟು ಬರುತ್ತದೆ, ಮೊಮ್ಮಗನು ಕನ್ನಡವನ್ನು ಮಾತಾಡಿದರೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾನೆ. ಗೋಡೆ ಬೀಳುವುದಕ್ಕೆ ಶತಮಾನಗಳು ಬೇಕಾದವು. ಲಿಪಿ ಬೀಳುವುದಕ್ಕೆ ಮೂರು ತಲೆಮಾರು ಸಾಕು. ಅದು ಬಿದ್ದ ದಿನ ಹುಲಿಕಲ್ ದುರ್ಗವು ನಿಜವಾಗಿ ಕಳೆದುಹೋಗುತ್ತದೆ. ಅಂದಿನಿಂದ ಬಕಾಸುರನೂ ಡ್ರೂಗೂ ನಿರಾತಂಕವಾಗಿ ಆಳಬಹುದು.

ಹಳೆಯ ಕಲ್ಲುಗಳಿಂದ ಮಕ್ಕಳಿಗೆ ಕೆಲಸ ಸಿಗುವುದೇ ಎಂಬ ಪ್ರಶ್ನೆಯನ್ನು ನಾವು ಬಲ್ಲೆವು. ಅದು ಹಗುರವಾದ ಪ್ರಶ್ನೆಯಲ್ಲ. ಚಹಾ ಎಲೆಯ ಬೆಲೆ ಕುಸಿದಾಗ ಮನೆ ನಡೆಸುವ ಕಷ್ಟ ಏನೆಂಬುದು ಈ ಬೆಟ್ಟದಲ್ಲಿ ಎಲ್ಲರಿಗೂ ತಿಳಿದಿದೆ. ಮಗುವು ತಮಿಳು ಕಲಿಯಲಿ, ಇಂಗ್ಲಿಷ್ ಕಲಿಯಲಿ. ಅವೆರಡೂ ಅನ್ನದ ಭಾಷೆಗಳು, ಅವುಗಳ ಮೇಲೆ ನಮಗೆ ಹಗೆಯಿಲ್ಲ. ಆದರೆ ಐವತ್ತು ಅಕ್ಷರಗಳ ಒಂದು ಲಿಪಿಯನ್ನು ಕಲಿಯಲು ಬೇಸಿಗೆಯ ರಜೆಯೊಂದು ಸಾಕು. ಅಷ್ಟನ್ನೂ ಕೊಡಲಾರದ ಬಡತನ ನಮ್ಮದೆಂದು ಹೇಳುವವರು ಬಡತನಕ್ಕೇ ಅವಮಾನ ಮಾಡುತ್ತಾರೆ. ಇದಕ್ಕಿಂತ ಬಡವರಾಗಿದ್ದ ನಮ್ಮ ಹಿರಿಯರು ಚಿಮಣಿ ದೀಪದ ಬೆಳಕಿನಲ್ಲಿ ಜೈಮಿನಿಯನ್ನು ಓದಿದರು.

ಆದ್ದರಿಂದ ಈ ಸಮ್ಮೇಳನದ ನಿರ್ಣಯಗಳ ಪಟ್ಟಿಗೆ ನಾವು ಕೆಲವನ್ನು ಸೇರಿಸಬಯಸುತ್ತೇವೆ. ಕೋಟೆಯನ್ನು ಕನ್ನಡಿಗರಿಗೆ ಮರಳಿಸಬೇಕೆಂಬ ಗೊತ್ತುವಳಿ ಬೇಡ. ಅದು ಯಾರಿಂದಲೂ ಮರಳಿಸತಕ್ಕ ವಸ್ತುವಲ್ಲ. ದುರ್ಗಕ್ಕೆ ರಸ್ತೆ ಬೇಕೆಂಬ ಮನವಿಯೂ ಬೇಡ. ರಸ್ತೆ ಹೋದಲ್ಲಿಗೆ ವಸತಿಗೃಹ ಹೋಗುತ್ತದೆ, ವಸತಿಗೃಹ ಹೋದಲ್ಲಿಗೆ ಕಸ ಹೋಗುತ್ತದೆ. ಸೀಗೂರಿನ ಆನೆ ದಾರಿಯ ಮೇಲೆ ಕಟ್ಟಿದ್ದ ವಸತಿಗೃಹಗಳ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2020ರಲ್ಲಿ ಆನೆಗಳ ಪರವಾಗಿ ತೀರ್ಪು ಬಂದುದನ್ನು ನಾವು ಮರೆಯಬಾರದು. ಕಾಡು ಇಷ್ಟು ಕಾಲ ಕಾವಲಿದ್ದಿದೆ, ಇನ್ನು ಮುಂದೆಯೂ ಇರಲಿ. ನೋಡಬಯಸುವವರು ಅರಣ್ಯ ಇಲಾಖೆಯ ಅಪ್ಪಣೆ ಪಡೆದು, ನಡೆದು, ನೋಡಿ, ಕಲ್ಲನ್ನು ಕದಲಿಸದೆ ಇಳಿದು ಬರಲಿ.

ನಮಗೆ ಬೇಕಾದುವು ಇಷ್ಟೇ. ಫಲಕಗಳಲ್ಲಿಯೂ ನಕ್ಷೆಗಳಲ್ಲಿಯೂ ಹುಲಿಕಲ್ ದುರ್ಗ, ಮಲೆಕೋಟೆ ಎಂಬ ಪೂರ್ಣ ಹೆಸರುಗಳು ಇರಲಿ. ಅವನ್ನು ತಮಿಳು ಲಿಪಿಯಲ್ಲಿಯೇ ಬರೆದರೂ ನಮಗೆ ಸಂತೋಷವೇ. ಉಳಿದ ಗೋಡೆಗಳನ್ನು ಅಳೆದು, ಚಿತ್ರಿಸಿ ದಾಖಲೆ ಮಾಡುವಂತೆ ಪುರಾತತ್ತ್ವ ಇಲಾಖೆಗೆ ಸಂಘವು ಬರೆಯಲಿ. ಹುಲಿಕಲ್ಲಿನ ಬಡಗ ಹಿರಿಯರೂ ಕಾಡಂಚಿನ ಕುರುಂಬ ಹಿರಿಯರೂ ದುರ್ಗದ ಬಗೆಗೆ ಹೇಳುವುದನ್ನು ಅವರವರ ನುಡಿಯಲ್ಲಿಯೇ ಬರೆದುಕೊಳ್ಳೋಣ, ತಿದ್ದದೆ, ಕನ್ನಡಿಸದೆ. ಇನ್ನು ಪ್ರತಿ ವರ್ಷ ಸಂಘದ ಮಕ್ಕಳನ್ನು ಒಂದು ದಿನದ ಮಟ್ಟಿಗೆ ಚಾಮರಾಜನಗರದ ಬಸದಿಗೆ ಕರೆದೊಯ್ದು, ಆ 1117ರ ಶಾಸನದ ಮುಂದೆ ನಿಲ್ಲಿಸಿ, ಅಚ್ಚಾದ ಪಾಠವನ್ನು ಅವರ ಕೈಗೆ ಕೊಟ್ಟು ಓದಿಸೋಣ. ಕತ್ತಿಯ ಸಾಲನ್ನೂ ಓದಿಸೋಣ, ಬೀಜದ ಸಾಲನ್ನೂ ಓದಿಸೋಣ.

ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದವರಲ್ಲಿ ಇದನ್ನು ಓದಬಲ್ಲವರು ಓದಲಾರದ ಒಬ್ಬ ಮಗುವನ್ನಾದರೂ ಈ ಬೇಸಿಗೆಯಲ್ಲಿ ಹತ್ತಿರ ಕೂರಿಸಿಕೊಳ್ಳಲಿ. ಕೋಟೆಯನ್ನು ಹುಡುಕುವ ಕೆಲಸ ಅಲ್ಲಿಂದ ಆರಂಭವಾಗುತ್ತದೆ.